ರಾಜಪೂತ್ ವರ್ಗದ ಹಡಗುಗಳ ಬಿಡಿಭಾಗ: ಹೊಸೂರಿನ ಸಣ್ಣ ವರ್ಕ್‌ಶಾಪ್‌ಗಳಿಗೊಂದು ಮಾರ್ಗದರ್ಶಿ

ತಮಿಳುನಾಡಿನ ರಕ್ಷಣಾ ಕೈಗಾರಿಕಾ ಕಾರಿಡಾರ್‌ಗೆ ಐದು ಕೇಂದ್ರಗಳು: ಚೆನ್ನೈ, ಕೊಯಮತ್ತೂರು, ಸೇಲಂ, ತಿರುಚಿರಾಪಳ್ಳಿ ಮತ್ತು ನಮ್ಮ ಹೊಸೂರು. 2019ರ ಜನವರಿ 20ರಂದು ತಿರುಚಿಯಲ್ಲಿ ಅದರ ಉದ್ಘಾಟನೆ ಆದಾಗಿನಿಂದ ಇಲ್ಲಿ ನಡೆಯುವ ಸಭೆಗಳಲ್ಲಿ ವಿಮಾನ, ಕ್ಷಿಪಣಿ, ಡ್ರೋನ್‌ಗಳ ಮಾತೇ ಹೆಚ್ಚು. ಒಂದು ಸಿಎನ್‌ಸಿ, ಎರಡು ಲೇತು, ಒಂದು ಮಿಲ್ಲಿಂಗ್ ಯಂತ್ರ ಇಟ್ಟುಕೊಂಡು ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ದೊಡ್ಡ ಕಂಪನಿಗಳಿಗೆ ಜಾಬ್ ವರ್ಕ್ ಮಾಡುವವರಿಗೆ ಆ ಮಾತು ಎಟುಕುವುದಿಲ್ಲ. ಅಂಥವರ ಕೈಗೆ ಎಟುಕುವ ಕೆಲಸ ಬೇರೆ ಇದೆ. ಅದು ಹಳೆಯ ಸೋವಿಯತ್ ಮೂಲದ ಯುದ್ಧನೌಕೆಗಳ ಬಿಡಿಭಾಗ. ಬೇಕಾಗುವುದು ನಾಲ್ಕೋ ಹತ್ತೋ ಪೀಸು. ಪ್ರತಿಯೊಂದೂ ಬೇರೆ ಬೇರೆ. ಮೂಲ ತಯಾರಕರು ಸಿಗುವುದಿಲ್ಲ, ದೊಡ್ಡ ಕಂಪನಿಗಳಿಗೆ ಇಷ್ಟು ಚಿಕ್ಕ ಆರ್ಡರು ಬೇಕಿಲ್ಲ. ಸಣ್ಣ ಆರ್ಡರಿನಲ್ಲೇ ಬದುಕುವುದನ್ನು ಕಲಿತಿರುವ ನಮ್ಮ ವರ್ಕ್‌ಶಾಪ್‌ಗಳಿಗೆ ಇದು ಹೇಳಿ ಮಾಡಿಸಿದಂತಿದೆ.

ಹೊಸೂರು, ಮತ್ತಿಗಿರಿ, ಬಾಗಲೂರು, ಜೂಜುವಾಡಿ ಕಡೆಯ ಕನ್ನಡದ ಟರ್ನರ್‌ಗಳು, ಮಾಲೀಕರು, ಡಿಪ್ಲೊಮಾ ಮುಗಿಸಿ ಬಂದ ಹುಡುಗರು ಈ ಕೆಲಸಕ್ಕೆ ಕೈ ಹಾಕಬೇಕೆಂಬುದು ನನ್ನ ಆಸೆ. ಆದರೆ ನಮೂನೆ ನೋಡಿ ಹಾಗೆಯೇ ಕಡೆದು ಕೊಟ್ಟರೆ ಈ ಕೆಲಸ ಆಗುವುದಿಲ್ಲ. ಭಾಗ ಯಾವ ಹಡಗಿನದು, ಯಾವ ಜಾಗದ್ದು, ಯಾವ ಮಾನಕದಲ್ಲಿ ಹುಟ್ಟಿದ್ದು ಎಂದು ತಿಳಿದ ಮೇಲೆಯೇ ಟೂಲ್ ತಾಗಿಸಬೇಕು.

ಮೊದಲು ಹಡಗಿನ ಜಾತಕ

ರಾಜಪೂತ್ ವರ್ಗದ ವಿಧ್ವಂಸಕ ನೌಕೆಗಳು ಐದು: ರಾಜಪೂತ್, ರಾಣಾ, ರಂಜಿತ್, ರಣವೀರ್, ರಣವಿಜಯ್. ಅನುಕ್ರಮವಾಗಿ ಡಿ51ರಿಂದ ಡಿ55. ಐದನ್ನೂ ಕಟ್ಟಿದ್ದು ನಿಕೊಲಾಯೆವ್ ಊರಿನ '61 ಕಮ್ಯುನಾರ್ಡ್ಸ್' ಹಡಗು ಕಾರ್ಖಾನೆ. ರಾಜಪೂತ್ ನಮ್ಮ ನೌಕಾಪಡೆಗೆ ಸೇರಿದ್ದು 1980ರ ಮೇ 4ರಂದು, ಜಾರ್ಜಿಯಾದ ಪೋಟಿ ಬಂದರಿನಲ್ಲಿ. ಆಗ ಮಾಸ್ಕೋದಲ್ಲಿ ನಮ್ಮ ರಾಯಭಾರಿಯಾಗಿದ್ದವರು ಮುಂದೆ ಪ್ರಧಾನಿಯಾದ ಐ.ಕೆ. ಗುಜ್ರಾಲ್. ಹಡಗಿನ ಮೊದಲ ನಾಯಕ ಕ್ಯಾಪ್ಟನ್ ಗುಲಾಬ್ ಮೋಹನ್‌ಲಾಲ್ ಹಿರಾನಂದಾನಿ. ರಂಜಿತ್ 1983ರಲ್ಲಿ ಸೇರಿ 2019ರ ಮೇ 6ರಂದು ನಿವೃತ್ತವಾಯಿತು. ರಾಜಪೂತ್ 41 ವರ್ಷ ದುಡಿದು 2021ರ ಮೇ 21ರಂದು ವಿಶಾಖಪಟ್ಟಣದಲ್ಲಿ ಧ್ವಜ ಇಳಿಸಿತು. ಶ್ರೀಲಂಕಾ ಕಡೆಯ ಆಪರೇಷನ್ ಪವನ್, 1988ರ ಮಾಲ್ಡೀವ್ಸ್ ಕಾರ್ಯಾಚರಣೆ, ಎರಡರಲ್ಲೂ ರಾಜಪೂತ್ ಇತ್ತು. ಭೂಸೇನೆಯ ರೆಜಿಮೆಂಟ್ ಒಂದರ ಜೊತೆ ನಂಟು ಪಡೆದ ಮೊದಲ ನೌಕೆಯೂ ಅದೇ. ಆ ರೆಜಿಮೆಂಟಿನ ಹೆಸರೂ ರಾಜಪೂತ್.

ಇವುಗಳ ಮೂಲ ವಿನ್ಯಾಸ ಸೋವಿಯತ್ತಿನ 'ಪ್ರಾಜೆಕ್ಟ್ 61'. ಪಶ್ಚಿಮದವರು ಅದನ್ನು ಕಾಶಿನ್ ವರ್ಗ ಎಂದರು. ಇಡೀ ಚಾಲನೆಗೆ ಗ್ಯಾಸ್ ಟರ್ಬೈನನ್ನೇ ನಂಬಿದ ಮೊದಲ ದೊಡ್ಡ ಯುದ್ಧನೌಕೆ ಇದು. ಮೊದಲ ಹಡಗು ಸಿದ್ಧವಾದದ್ದು 1962ರ ಕೊನೆಗೆ. ಸೋವಿಯತ್ ನೌಕಾಪಡೆಗೆ 20 ಕಟ್ಟಿದರು. ಆಮೇಲೆ ನಮಗಾಗಿ ಬದಲಿಸಿದ 'ಪ್ರಾಜೆಕ್ಟ್ 61ಎಂಇ' ಐದು ಬಂದವು. ಸುಮಾರು 147 ಮೀಟರ್ ಉದ್ದ, ಪೂರ್ತಿ ಭಾರ ಹೊತ್ತಾಗ ಹೆಚ್ಚುಕಡಿಮೆ 5,000 ಟನ್.

ಬಿಡಿಭಾಗ ಮಾಡುವವನಿಗೆ ಈ ಇತಿಹಾಸ ಯಾಕೆ ಬೇಕು? ಅದೇ ವರ್ಗದ ಹಡಗಾದರೂ ಒಳಗೆ ಒಂದೇ ಅಲ್ಲ ಎಂಬ ಕಾರಣಕ್ಕೆ. ಸೋವಿಯತ್ ಕಾಶಿನ್‌ನಲ್ಲಿ ಹಿಂದುಗಡೆ ಒಂದು ಜೋಡಿ 76 ಮಿ.ಮೀ. ತೋಪು ಇತ್ತು. ನಮ್ಮವುಗಳಲ್ಲಿ ಅದನ್ನು ತೆಗೆದು ಹೆಲಿಕಾಪ್ಟರಿಗೆ ಹ್ಯಾಂಗರ್ ಕೊಟ್ಟರು. ಹಾಗಾಗಿ ಹಿಂಭಾಗಕ್ಕೆ ಕಾಶಿನ್‌ನ ಹಳೆಯ ಪಟ್ಟಿ ಹೊಂದುವುದಿಲ್ಲ. ಮೊದಲ ಮೂರು ಹಡಗುಗಳಲ್ಲಿ ಹತ್ತಿರದ ರಕ್ಷಣೆಗೆ ಎಕೆ-230 ತೋಪು, ಕೊನೆಯ ಎರಡರಲ್ಲಿ ಎಕೆ-630. ಮುಂದೆ 2005ರಲ್ಲಿ ಬ್ರಹ್ಮೋಸ್ ಕ್ಷಿಪಣಿ ಹೊತ್ತ ಮೊದಲ ಹಡಗು ರಾಜಪೂತ್ ಆಯಿತು, ಅದರ ಡೆಕ್ಕೂ ಬದಲಾಯಿತು. 'ರಾಜಪೂತ್ ವರ್ಗದ್ದು' ಎಂದಷ್ಟೇ ಬರೆದ ವಿಚಾರಣೆ ಬಂದರೆ ಯಾವ ಹಡಗು, ಯಾವ ರೀಫಿಟ್ (ಡಾಕ್‌ಯಾರ್ಡಿನ ದೊಡ್ಡ ರಿಪೇರಿ) ಆದ ಮೇಲಿನದು ಎಂದು ಕೇಳದೆ ಬೆಲೆ ಹೇಳಬೇಡಿ.

ಭಾಗಗಳು ಸಿಗದೆ ಹೋದದ್ದಕ್ಕೂ ಇದೇ ಜಾತಕ ಕಾರಣ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ನಿಕೊಲಾಯೆವ್ ಉಕ್ರೇನಿನ ಪಾಲಾಯಿತು, ಈಗ ಅದರ ಹೆಸರು ಮಿಕೊಲಾಯಿವ್. ನೌಕಾ ಟರ್ಬೈನ್ ಮಾಡುವ ಜೋರ್ಯಾ-ಮಾಶ್‌ಪ್ರೊಯೆಕ್ಟ್ ಕಾರ್ಖಾನೆಯೂ ಅದೇ ಊರಲ್ಲಿದೆ. ಶಸ್ತ್ರಾಸ್ತ್ರ ಮಾಡುವ ಹಲವು ಕಾರ್ಖಾನೆಗಳು ರಷ್ಯಾದಲ್ಲಿ ಉಳಿದವು. ಒಂದೇ ಹಡಗಿನ ಸಾಮಾನಿಗೆ ಎರಡು ದೇಶಗಳ ಬಾಗಿಲು ತಟ್ಟಬೇಕಾಯಿತು. 2014ರಲ್ಲಿ ಆ ಎರಡು ದೇಶಗಳ ನಡುವೆಯೇ ರಕ್ಷಣಾ ವ್ಯವಹಾರ ಕಡಿಯಿತು, 2022ರಲ್ಲಿ ಯುದ್ಧ ಮಿಕೊಲಾಯಿವ್‌ಗೇ ಬಂತು. ಉಳಿದ ದಾರಿ ಮೂರು: ಗೋದಾಮಿನ ಹಳೆಯ ದಾಸ್ತಾನು, ನಿವೃತ್ತ ಹಡಗಿನಿಂದ ಕಳಚಿದ ಭಾಗ, ಇಲ್ಲವೇ ದೇಶದೊಳಗೇ ಹೊಸದಾಗಿ ಮಾಡಿಸುವುದು.

'ಹಡಗೇ ನಿವೃತ್ತಿ ಆಗುತ್ತಿದ್ದರೆ ಈ ವಿದ್ಯೆ ಎಷ್ಟು ದಿನ?' ಎಂದು ಕೇಳುವವರಿದ್ದಾರೆ. ಜೋರ್ಯಾ ಟರ್ಬೈನುಗಳು ದೆಹಲಿ, ಕೋಲ್ಕತಾ, ವಿಶಾಖಪಟ್ಟಣಂ ವರ್ಗದ ಹಡಗುಗಳಲ್ಲೂ ಇವೆ. ಎಕೆ-630, ಆರ್‌ಬಿಯು-6000 (ಜಲಾಂತರ್ಗಾಮಿಗಳ ಮೇಲೆ ರಾಕೆಟ್ ಹಾರಿಸುವ ಯಂತ್ರ) ಕೂಡ ಬೇರೆ ವರ್ಗಗಳಲ್ಲಿ ಇವೆ. ಸೋವಿಯತ್ ನಕ್ಷೆ ಓದಲು ಕಲಿತವನಿಗೆ ಕೆಲಸ ರಾಜಪೂತ್ ಜೊತೆಗೆ ಮುಗಿಯುವುದಿಲ್ಲ.

ಹಂತ 1: ಯಾವುದಕ್ಕೆ ಕೈ ಹಾಕಬೇಕು, ಯಾವುದಕ್ಕೆ ಬೇಡ

ಪಂಪಿನ ಇಂಪೆಲ್ಲರ್, ಶಾಫ್ಟ್ ಸ್ಲೀವ್, ಗ್ಲ್ಯಾಂಡ್ ಬುಷ್, ವಾಲ್ವಿನ ಸ್ಪಿಂಡಲ್ ಮತ್ತು ಸೀಟು, ಫ್ಲ್ಯಾಂಜ್, ಕಪ್ಲಿಂಗ್, ಸ್ಟ್ರೈನರ್, ನೀರು ನುಗ್ಗದ ಬಾಗಿಲುಗಳ ಕೀಲು ಮತ್ತು ಬಿಗಿ ಹಿಡಿಕೆ, ರಬ್ಬರ್ ಸೀಲು. ಇವು ನಮ್ಮವು. ಟರ್ಬೈನಿನ ಬಿಸಿ ಭಾಗದ ಬ್ಲೇಡುಗಳತ್ತ ನೋಡಬೇಡಿ. ಅದಕ್ಕೆ ನಿಕಲ್ ಮಿಶ್ರಲೋಹವನ್ನು ನಿರ್ವಾತದಲ್ಲಿ ಎರೆಯುವ ವ್ಯವಸ್ಥೆ ಬೇಕು. ತೋಪು, ಕ್ಷಿಪಣಿ ಉಡಾವಕ, ಸೋನಾರ್ ಭಾಗಗಳಿಗೆ ಗೌಪ್ಯತೆಯ ಕಟ್ಟುಪಾಡಿದೆ. ಅಂಥ ನಕ್ಷೆ ಕೈಗೆ ಬಂದರೆ ಮೊಬೈಲಿನಲ್ಲಿ ಫೋಟೊ ಹಿಡಿದು ಫೌಂಡ್ರಿಯವರಿಗೆ ವಾಟ್ಸ್ಆಪ್ ಮಾಡುವ ನಮ್ಮ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಬೇಕು.

ಹಂತ 2: ಬೇಡಿಕೆ ಹುಡುಕುವುದು

ಸಣ್ಣ ಉದ್ಯಮಗಳಿಗೆಂದೇ ಇರುವ 'ಉದ್ಯಮ್' ನೋಂದಣಿ ಮೊದಲು. ಅದರಿಂದ ಸರ್ಕಾರಿ ಟೆಂಡರುಗಳಲ್ಲಿ ಇಎಂಡಿ (ಮುಂಗಡ ಠೇವಣಿ) ವಿನಾಯಿತಿ ಸಿಗುತ್ತದೆ. ಕೇಂದ್ರ ಸರ್ಕಾರದ ಇಲಾಖೆಗಳ ವಾರ್ಷಿಕ ಖರೀದಿಯಲ್ಲಿ ಶೇ 25 ಪಾಲು ಕಿರು ಮತ್ತು ಸಣ್ಣ ಉದ್ಯಮಗಳಿಗೆ ಮೀಸಲು. ಆಮೇಲೆ 'ಸೃಜನ್' ಪೋರ್ಟಲ್. ಇದನ್ನು ರಕ್ಷಣಾ ಸಚಿವಾಲಯ 2020ರ ಆಗಸ್ಟ್‌ನಲ್ಲಿ ತೆರೆಯಿತು. ಹೊರಗಿನಿಂದ ತರಿಸುತ್ತಿದ್ದ, ಈಗ ಇಲ್ಲೇ ಮಾಡಿಸಬೇಕೆಂದಿರುವ ವಸ್ತುಗಳ ಪಟ್ಟಿ ಅಲ್ಲಿದೆ. ನೌಕಾಪಡೆಯ ಪಟ್ಟಿಯನ್ನು ಬೇರೆಯಾಗಿ ನೋಡಿ, ನಿಮ್ಮ ಯಂತ್ರಗಳ ಅಳತೆಗೆ ಬರುವುದನ್ನು ಗುರುತು ಹಾಕಿಕೊಳ್ಳಿ, ಆಸಕ್ತಿ ತಿಳಿಸಿ. ಟೆಂಡರುಗಳು ಸರ್ಕಾರಿ ಖರೀದಿಯ ಆನ್‌ಲೈನ್ ಪೇಟೆ ಜೆಮ್‌ನಲ್ಲೂ ರಕ್ಷಣಾ ಇ-ಖರೀದಿ ತಾಣದಲ್ಲೂ ಬರುತ್ತವೆ, ಡಿಜಿಟಲ್ ಸಹಿ ಮೊದಲೇ ಮಾಡಿಸಿಟ್ಟುಕೊಳ್ಳಿ.

ಬೇಡಿಕೆ ಎಲ್ಲಿಂದ ಹುಟ್ಟುತ್ತದೆ ಎಂಬುದೂ ತಿಳಿದಿರಲಿ. ಹಡಗಿನ ರಿಪೇರಿ ನೌಕಾ ಡಾಕ್‌ಯಾರ್ಡಿನ ಕೆಲಸ, ಸಾಮಾನು ಒದಗಿಸುವುದು 'ಮಟೀರಿಯಲ್ ಆರ್ಗನೈಸೇಷನ್' ಎಂಬ ಗೋದಾಮು ವ್ಯವಸ್ಥೆ. ವಿಶಾಖಪಟ್ಟಣ, ಮುಂಬೈ, ಕೊಚ್ಚಿ, ಕಾರವಾರಗಳಲ್ಲಿ ಇದು ಇದೆ. ಪೋರ್ಟಲ್ಲಿನಲ್ಲಿ ಆಸಕ್ತಿ ತಿಳಿಸಿ ಸುಮ್ಮನೆ ಕೂತರೆ ಸಾಲದು. ಅನುಮತಿ ಕೇಳಿ, ಹೋಗಿ, ಭಾಗವನ್ನು ಕಣ್ಣಾರೆ ನೋಡಿ ಬನ್ನಿ. ಹೊಸೂರಿನಿಂದ ವಿಶಾಖಪಟ್ಟಣಕ್ಕೆ ರೈಲಿನಲ್ಲಿ ಹೋಗಿ ಬರುವ ಖರ್ಚು, ಒಂದು ಪೀಸು ರಿಜೆಕ್ಟ್ ಆದರೆ ಬೀಳುವ ನಷ್ಟಕ್ಕಿಂತ ಕಡಿಮೆಯೇ.

ಹರಾಜಿನಲ್ಲಿ ಕೊಂಡ ಹಳೆಯ ಹಡಗಿನ ಭಾಗವನ್ನೇ ಮತ್ತೆ ಮಾರುವ ಯೋಚನೆ ಇರುವವರಿಗೆ ಒಂದು ಮಾತು. ಸರ್ಕಾರಿ ಗುಜರಿ ಎಂಎಸ್‌ಟಿಸಿ ಎಂಬ ಸರ್ಕಾರಿ ಕಂಪನಿಯ ಇ-ಹರಾಜಿನಲ್ಲಿ ಬರುತ್ತದೆ, 'ಇದ್ದ ಜಾಗದಲ್ಲಿ ಇದ್ದ ಹಾಗೆ' ಎಂಬ ಷರತ್ತಿನಲ್ಲಿ. ಗುಜರಿಯಾಗಿ ಹೊರಬಂದ ಭಾಗಕ್ಕೆ ಚರಿತ್ರೆಯ ಕಾಗದ ಇರುವುದಿಲ್ಲ. ಅದನ್ನು ಹೊಳಪಿಸಿ ಹೊಸದೆಂದು ಮತ್ತೆ ಹಡಗಿಗೆ ಕಳಿಸುವುದು ಒಳಗಿರುವ ನಾವಿಕರ ಜೀವದ ಜೊತೆ ಆಟ. ಕೊಂಡರೆ ಲೋಹದ ಬೆಲೆಗೆ, ಇಲ್ಲವೇ ಅಳತೆಯ ನಮೂನೆಯಾಗಿ ಕೊಳ್ಳಿ.

ಹಂತ 3: ಭಾಗದ ಗುರುತು

ಸೋವಿಯತ್ ಯಂತ್ರಗಳ ಜೊತೆ 'ಜಿಪ್' ಪೆಟ್ಟಿಗೆ ಬರುತ್ತಿತ್ತು. ಬಿಡಿಭಾಗ, ಹತ್ಯಾರು, ಪರಿಕರ ಮೂರೂ ಒಂದರಲ್ಲಿ. ಮುಚ್ಚಳದ ಒಳಗೆ ಪಟ್ಟಿ, ಪ್ರತಿ ಭಾಗಕ್ಕೆ ನಕ್ಷೆ ಸಂಖ್ಯೆ. ಯಂತ್ರಕ್ಕೆ 'ಪಾಸ್‌ಪೋರ್ಟ್' ಅಥವಾ 'ಫಾರ್ಮುಲ್ಯಾರ್' ಎಂಬ ಪುಸ್ತಕ, ಅದರಲ್ಲಿ ಓಡಿದ ಗಂಟೆ, ಆದ ರಿಪೇರಿ, ಬದಲಾದ ಭಾಗಗಳ ದಾಖಲೆ. ನಿವೃತ್ತ ಹಡಗಿನಿಂದ ಕಳಚಿದ ಪಂಪಾದರೆ ಈ ಪುಸ್ತಕದ ಸಂಬಂಧಪಟ್ಟ ಪುಟಗಳ ನಕಲು ಕೇಳಿ. ಭಾಗದ ಮೇಲೆ ಕೆತ್ತಿರುವ ಸಂಖ್ಯೆಯನ್ನು ಒರೆಸುವ ಮೊದಲೇ ಬರೆದುಕೊಳ್ಳಿ. ಗ್ರೀಸು, ಮೇಣದ ಕಾಗದದ ಸುತ್ತು ತೆಗೆಯುವಾಗ ಅದರೊಳಗಿನ ಚೀಟಿಯನ್ನು ಎಸೆಯಬೇಡಿ.

ಹಂತ 4: ಲೋಹದ ಹೆಸರು ಓದುವುದು

ಅರ್ಧ ಕೆಲಸ ಕೆಡುವುದು ಇಲ್ಲೇ. ರಷ್ಯನ್ ಅಕ್ಷರಗಳಲ್ಲಿ ಕೆಲವು ಇಂಗ್ಲಿಷ್ ಅಕ್ಷರಗಳ ಹಾಗೇ ಕಾಣುತ್ತವೆ, ಧ್ವನಿ ಬೇರೆ. ನಕ್ಷೆಯ ಮೂಲೆಯಲ್ಲಿ ನಮ್ಮ ಕಣ್ಣಿಗೆ '12ಎಕ್ಸ್18ಎಚ್10ಟಿ' ಎಂದು ಕಾಣುವ ಸಾಲಿದೆ ಎನ್ನಿ. ಎಕ್ಸ್ ಹಾಗೆ ಕಾಣುವುದು ಕ್ರೋಮಿಯಂ, ಎಚ್ ಹಾಗೆ ಕಾಣುವುದು ನಿಕಲ್, ಟಿ ಎಂದರೆ ಟೈಟಾನಿಯಂ. ಮೊದಲಿನ 12 ಎಂದರೆ ಇಂಗಾಲ ಶೇ 0.12. ಅಕ್ಷರದ ಮುಂದಿನ ಅಂಕಿ ಆ ಧಾತುವಿನ ಶೇಕಡಾ: ಕ್ರೋಮಿಯಂ 18, ನಿಕಲ್ 10. ಟಿ ಮುಂದೆ ಅಂಕಿ ಇಲ್ಲ ಅಂದರೆ ಟೈಟಾನಿಯಂ ಒಂದಕ್ಕಿಂತ ಕಡಿಮೆ. ಇದಕ್ಕೆ ಹತ್ತಿರದ್ದು 321 ಸ್ಟೇನ್‌ಲೆಸ್. ಅಂಗಡಿಯವನು '304 ತಗೊಳ್ಳಿ, ಸೇಮ್' ಅನ್ನುತ್ತಾನೆ. ಸೇಮ್ ಅಲ್ಲ. ವೆಲ್ಡಿಂಗ್ ಕಾವಿನಲ್ಲಿ ಕ್ರೋಮಿಯಂ ಇಂಗಾಲದ ಜೊತೆ ಕೂಡಿ ಕಣಗಳ ಅಂಚಿಗೆ ಹೋದರೆ ಅಲ್ಲಿಂದ ತುಕ್ಕು ತಿನ್ನಲು ಶುರುವಾಗುತ್ತದೆ. ಟೈಟಾನಿಯಂ ಇರುವುದು ಅದನ್ನು ತಡೆಯಲು. ಉಪ್ಪುನೀರಿನ ಹತ್ತಿರ, ವೆಲ್ಡ್ ಆಗುವ ಭಾಗಕ್ಕೆ ಈ ವ್ಯತ್ಯಾಸವೇ ಮುಖ್ಯ.

ನಕ್ಷೆಗಳಲ್ಲಿ ಮತ್ತೆ ಮತ್ತೆ ಬರುವ ಇನ್ನೂ ಕೆಲವು. 'ಉಕ್ಕು 45' ನಮ್ಮ ಸಿ45ಕ್ಕೆ ಹತ್ತಿರ. '40ಎಕ್ಸ್' ಎಂದು ಕಾಣುವುದು ಇಂಗಾಲ 0.40, ಕ್ರೋಮಿಯಂ ಸುಮಾರು 1 ಇರುವ ಉಕ್ಕು, 41ಸಿಆರ್4 ಎಂಬುದಕ್ಕೆ ಸಮೀಪ. ಪೇಟೆಯಲ್ಲಿ ಸುಲಭವಾಗಿ ಸಿಗುವುದು ಇಎನ್19, ಅದರಲ್ಲಿ ಮೋಲಿಬ್ಡಿನಂ ಹೆಚ್ಚುವರಿ ಇದೆ. ಬದಲಿ ಹಾಕಬೇಕಾದರೆ ಲಿಖಿತ ಒಪ್ಪಿಗೆ ತೆಗೆದುಕೊಂಡೇ ಹಾಕಿ, ಬಾಯಿಮಾತಿನ 'ಆಯ್ತು ಬಿಡಿ' ನಂಬಬೇಡಿ.

ಕಂಚಿಗೆ ಓದುವ ಕ್ರಮ ಬೇರೆ. 'ಬ್ರ್' ಎಂದು ಶುರುವಾಗಿ, ಧಾತುಗಳ ಅಕ್ಷರಗಳು ಒಟ್ಟಿಗೆ ಬಂದು, ಶೇಕಡಾಗಳು ಕೊನೆಗೆ ಅದೇ ಸಾಲಿನಲ್ಲಿ ಬರುತ್ತವೆ. 'ಬ್ರ್ ಎ-ಝ 9-4' ಎಂದರೆ ಅಲ್ಯುಮಿನಿಯಂ 9, ಕಬ್ಬಿಣ 4, ಉಳಿದದ್ದು ತಾಮ್ರ. ಸಮುದ್ರದ ನೀರಿನ ಪಂಪು, ವಾಲ್ವುಗಳಲ್ಲಿ ಇಂಥ ಕಂಚು ಬರುತ್ತದೆ. ಬ್ರಿಟಿಷ್ ಮಾನಕದ ಎಬಿ1 ಇದಕ್ಕೆ ಹತ್ತಿರ. ನಮ್ಮ ಫೌಂಡ್ರಿಗಳಲ್ಲಿ ಸದಾ ಕರಗಿರುವುದು 85-5-5-5 ಗನ್‌ಮೆಟಲ್. ಹಾಗಾಗಿ ಇಂಥ ಮಾತುಕತೆ ಖಂಡಿತ ನಡೆಯುತ್ತದೆ:

"ಅಣ್ಣಾ, ಗನ್‌ಮೆಟಲ್ ರೆಡಿ ಐತೆ, ಅದರಲ್ಲೇ ಹುಯ್ದುಬಿಡ್ಲಾ? ನೋಡೋಕೆ ಎರಡೂ ಒಂದೇ ಥರ."

"ಬ್ಯಾಡ ತಮ್ಮಾ. ಎಬಿ1 ಹೀಟು ಹಾಕಿದಾಗ ಹೇಳು, ಹೀಟ್ ನಂಬರು, ಸ್ಪೆಕ್ಟ್ರೋ ರಿಪೋರ್ಟು ಎರಡೂ ಬೇಕು."

ಹೀಟ್ ಎಂದರೆ ಒಮ್ಮೆಗೆ ಕರಗಿಸಿದ ಲೋಹ, ಸ್ಪೆಕ್ಟ್ರೋ ಎಂದರೆ ಅದರಲ್ಲಿ ಯಾವ ಧಾತು ಎಷ್ಟಿದೆ ಎಂದು ಹೇಳುವ ಪರೀಕ್ಷೆ. ಮಾನಕದ ಪ್ರಕಾರ ಮರಳಿನಲ್ಲಿ ಎರೆದ ಆ ಗನ್‌ಮೆಟಲ್‌ನ ಕನಿಷ್ಠ ಎಳೆತ ಬಲ ಸುಮಾರು 200 ಎಂಪಿಎ (ಮೆಗಾಪ್ಯಾಸ್ಕಲ್), ಎಬಿ1ರದ್ದು 500. ಇಂಪೆಲ್ಲರ್ ಬಣ್ಣ ಒಂದೇ ಇರಬಹುದು, ಸಮುದ್ರದಲ್ಲಿ ಬಾಳುವ ಆಯಸ್ಸು ಒಂದೇ ಅಲ್ಲ. ಹಾಗೆಯೇ 59-1 ಎಂದು ಮುಗಿಯುವ ಸೀಸದ ಹಿತ್ತಾಳೆ ಲೇತಿನಲ್ಲಿ ಚೆನ್ನಾಗಿ ಕಡೆಯುತ್ತದೆ ಎಂದು ಉಪ್ಪುನೀರಿನ ಜಾಗಕ್ಕೆ ಬಳಸಬಾರದು. ಅದರೊಳಗಿನ ಸತು ನಿಧಾನವಾಗಿ ಕರಗಿ ಹೋಗಿ ರಂಧ್ರ ರಂಧ್ರದ ತಾಮ್ರವಷ್ಟೇ ಉಳಿಯುತ್ತದೆ. ಹೊರಗಿನ ಆಕಾರ ಹಾಗೇ ಇರುವುದರಿಂದ ಮುರಿಯುವವರೆಗೂ ಗೊತ್ತಾಗುವುದಿಲ್ಲ.

ನಮೂನೆ ಮಾತ್ರ ಇದ್ದು ನಕ್ಷೆ ಇಲ್ಲದಿದ್ದರೆ ಎನ್‌ಎಬಿಎಲ್ (ಪ್ರಯೋಗಾಲಯಗಳ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿನಲ್ಲಿ ರಾಸಾಯನಿಕ ಪರೀಕ್ಷೆ ಜೊತೆಗೆ ಗಡಸುತನವನ್ನೂ ನೋಡಿಸಿ. ರಾಸಾಯನಿಕ ವರದಿ ಲೋಹ ಯಾವುದು ಎಂದಷ್ಟೇ ಹೇಳುತ್ತದೆ, ಅದಕ್ಕೆ ಏನು ಹೀಟ್ ಟ್ರೀಟ್‌ಮೆಂಟ್ ಆಗಿತ್ತು ಎಂಬುದರ ಸುಳಿವು ಗಡಸುತನದಿಂದ ಸಿಗುತ್ತದೆ.

ಹಂತ 5: ಅಳತೆ, ಫಿಟ್, ಬೇರಿಂಗು, ಸೀಲು

ಒಂದು ಸಮಾಧಾನ: ನಕ್ಷೆಯ ಪ್ರೊಜೆಕ್ಷನ್ ನಮ್ಮ ಹಾಗೇ ಫಸ್ಟ್ ಆ್ಯಂಗಲ್, ಅಳತೆ ಮಿಲಿಮೀಟರಿನಲ್ಲೇ. ಆದರೆ ಪ್ರಾಜೆಕ್ಟ್ 61ರ ಮೂಲ ನಕ್ಷೆಗಳು 1960ರ ಸುತ್ತಿನವು. ಆಗ ಫಿಟ್ಟುಗಳಿಗೆ (ಶಾಫ್ಟು ರಂಧ್ರದಲ್ಲಿ ಎಷ್ಟು ಬಿಗಿ, ಎಷ್ಟು ಸಡಿಲ ಎಂಬುದಕ್ಕೆ) ಸೋವಿಯತ್ತಿನದೇ ಹಳೆಯ ಪದ್ಧತಿ ಇತ್ತು. ಐಎಸ್‌ಒ ಥರದ ಎಚ್7 ಇತ್ಯಾದಿ ಅಲ್ಲಿಗೆ ಬಂದದ್ದು ಅದಾದ ಮೇಲೆ. ಹಳೆಯ ನಕ್ಷೆಯಲ್ಲಿ ರಂಧ್ರಕ್ಕೆ ಬರೀ 'ಎ' ಎಂದಿದ್ದರೆ ಅದು ಇಂದಿನ ಎಚ್7ಕ್ಕೆ ಹತ್ತಿರ. ಅದನ್ನು ಐಎಸ್‌ಒದ ಎ ಎಂದು ಓದಿದರೆ ರಂಧ್ರ ಸಡಿಲವಾಗಿ ಅಲ್ಲಾಡುತ್ತದೆ. ಮೇಲ್ಮೈ ನಯಕ್ಕೆ ತ್ರಿಕೋನ ಮತ್ತು ಅಂಕಿ ಇರುತ್ತದೆ. ಅಂಕಿ ಹೆಚ್ಚಾದಷ್ಟೂ ನಯ ಹೆಚ್ಚು. 6 ಎಂದರೆ ಆರ್‌ಎ (ಇಂದಿನ ನಕ್ಷೆಗಳ ಒರಟುತನದ ಅಳತೆ) 2.5, 7 ಎಂದರೆ 1.25, 8 ಎಂದರೆ 0.63 ಮೈಕ್ರಾನ್. ನಮ್ಮ ಹುಡುಗರು 8 ನೋಡಿ ಒರಟು ಎಂದುಕೊಳ್ಳುವ ಸಾಧ್ಯತೆ ಇದೆ, ಜಾಬ್ ಕಾರ್ಡಿಗೆ ಇಳಿಸುವಾಗಲೇ ಆರ್‌ಎಗೆ ಬದಲಿಸಿ ಬರೆಯಿರಿ.

ಬೇರಿಂಗಿನಲ್ಲಿ ಇನ್ನೂ ದೊಡ್ಡ ಬಲೆ ಇದೆ. ಗೋಸ್ಟ್ (ಸೋವಿಯತ್ ಸರ್ಕಾರಿ ಮಾನಕ) ಸಂಖ್ಯೆಯನ್ನು ಬಲದಿಂದ ಓದಬೇಕು. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳವ್ಯಾಸ (04ರಿಂದ ಮೇಲಕ್ಕೆ), ಆಮೇಲಿನದು ಸರಣಿ, ನಾಲ್ಕನೆಯದು ಜಾತಿ. ಸೋವಿಯತ್ '208' ನಮ್ಮ ಅಂಗಡಿಯ 6208. '80208' ಎರಡೂ ಕಡೆ ಲೋಹದ ಮುಚ್ಚಳ ಇರುವುದು, '180208' ಎರಡೂ ಕಡೆ ರಬ್ಬರ್ ಸೀಲು ಇರುವುದು. ಈಗ '7208' ನೋಡಿ. ನಮ್ಮ ಅಂಗಡಿಯಲ್ಲಿ ಕೇಳಿದರೆ ಆ್ಯಂಗುಲರ್ ಕಾಂಟ್ಯಾಕ್ಟ್ ಬಾಲ್ ಬೇರಿಂಗ್ ಕೊಡುತ್ತಾರೆ. ಗೋಸ್ಟ್‌ನಲ್ಲಿ 7208 ಅಂದರೆ ಟೇಪರ್ ರೋಲರ್, ಅಂದರೆ ನಮ್ಮ 30208. ಎರಡರ ಒಳವ್ಯಾಸ 40, ಹೊರವ್ಯಾಸ 80. ಶಾಫ್ಟಿಗೂ ಹೌಸಿಂಗಿಗೂ ಕೂರುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಒ-ರಿಂಗು ನನಗೆ ತುಂಬ ಇಷ್ಟದ ವಿಷಯ, ಯಾಕೆಂದರೆ ಸೋವಿಯತ್ ಎಂಜಿನಿಯರುಗಳು ಅದರ ಹೆಸರಿನಲ್ಲೇ ಲೆಕ್ಕವನ್ನೆಲ್ಲ ಬರೆದಿಟ್ಟರು. '020-025-30' ಎಂದರೆ ಶಾಫ್ಟು 20 ಮಿ.ಮೀ., ಅದು ಕೂರುವ ರಂಧ್ರ 25 ಮಿ.ಮೀ., ರಬ್ಬರಿನ ದಪ್ಪ 3.0 ಮಿ.ಮೀ. ಶಾಫ್ಟಿಗೂ ರಂಧ್ರಕ್ಕೂ ನಡುವಿನ ಜಾಗ ಒಂದು ಬದಿಗೆ ಎರಡೂವರೆ ಮಿ.ಮೀ., ರಬ್ಬರು ಮೂರು. ಅರ್ಧ ಮಿಲಿಮೀಟರ್ ಒತ್ತಿಕೊಂಡು ಕೂರುತ್ತದೆ, ಆ ಒತ್ತಡವೇ ಸೋರುವುದನ್ನು ತಡೆಯುತ್ತದೆ. ಪೆಟ್ಟಿಗೆಯಲ್ಲಿ 'ಹತ್ತಿರದ' ಇಂಚಿನ ರಿಂಗು ತೆಗೆದು ಹಾಕಿದರೆ ಆ ದಪ್ಪ 2.62 ಆಗಬಹುದು, ಆಗ ಒತ್ತಡ ಉಳಿಯುವುದೇ ಕೂದಲೆಳೆಯಷ್ಟು. ಗೋದಾಮಿನಲ್ಲಿ ಹೊಸದಾಗಿಯೇ ಕೂತಿರುವ 1980ರ ದಶಕದ ರಬ್ಬರನ್ನು, ಅದೆಷ್ಟೇ ಚೆನ್ನಾಗಿ ಕಂಡರೂ, ಬಳಸಬೇಡಿ. ಬಳಸದೆ ಇಟ್ಟರೂ ರಬ್ಬರಿಗೆ ವಯಸ್ಸಾಗುತ್ತದೆ. ಅಳತೆಗೆ ಮಾತ್ರ ಇಟ್ಟುಕೊಳ್ಳಿ. ಎಣ್ಣೆಗೆ ನೈಟ್ರೈಲ್, ಬಿಸಿ ಜಾಗಕ್ಕೆ ವೈಟನ್ ಎಂಬುದು ಸಾಮಾನ್ಯ ಲೆಕ್ಕ, ಆದರೂ ಆ ಜಾಗದಲ್ಲಿ ಯಾವ ದ್ರವ, ಎಷ್ಟು ಕಾವು ಎಂದು ಕೇಳಿಯೇ ನಿರ್ಧರಿಸಿ.

ಮೋಟಾರು ಪರೀಕ್ಷಿಸುವವರಿಗೆ ಒಂದು ಸಾಲು: ಸೋವಿಯತ್ ಹಡಗಿನ ಮೂರು ಫೇಸ್ ಮೋಟಾರು 380 ವೋಲ್ಟ್, 50 ಹರ್ಟ್ಜ್. ನಮ್ಮ 415ಕ್ಕೆ ನೇರ ಜೋಡಿಸಿ ಹೊತ್ತುಗಟ್ಟಲೆ ಓಡಿಸಬೇಡಿ.

ಹಂತ 6: ಸವೆದ ನಮೂನೆಯಿಂದ ನಕ್ಷೆ ಮಾಡುವುದು

ಉದಾಹರಣೆಗೆ ಸಮುದ್ರದ ನೀರಿನ ಪಂಪಿನ ಶಾಫ್ಟ್ ಸ್ಲೀವ್ ನಿಮ್ಮ ಮೇಜಿನ ಮೇಲಿದೆ. ಪ್ಯಾಕಿಂಗ್ ಉಜ್ಜಿದ ಜಾಗದಲ್ಲಿ ಉಂಗುರ ಉಂಗುರ ಗೀರು, ಹೊರವ್ಯಾಸ 54.60 ತೋರಿಸುತ್ತದೆ. ಆ ಅಳತೆ ಬರೆದುಕೊಂಡರೆ ನೀವು ಸವಕಳಿಯನ್ನು ನಕಲು ಮಾಡಿದ ಹಾಗೆ. ತುದಿಯಲ್ಲಿ, ನಟ್ಟು ಮುಚ್ಚಿದ್ದ ಎರಡು ಮಿಲಿಮೀಟರ್ ಅಂಚಿನಲ್ಲಿ ಮೈಕ್ರೋಮೀಟರ್ ಇಡಿ. ಅಲ್ಲಿ 54.95 ಬಂದರೆ ಮೂಲ ಅಳತೆ 55 ಎಂದೂ, ಟಾಲರೆನ್ಸ್ ಕೆಳಗಿನ ಕಡೆಗಿತ್ತು ಎಂದೂ ಊಹಿಸಬಹುದು. ಊಹೆಯನ್ನು ಖಚಿತ ಮಾಡಲು ಎದುರು ಭಾಗ ಬೇಕು: ಗ್ಲ್ಯಾಂಡ್ ಬುಷ್ಷಿನ ಒಳವ್ಯಾಸ, ಶಾಫ್ಟಿನ ವ್ಯಾಸ. ಅದಕ್ಕೇ ಒಂಟಿ ಭಾಗ ತೆಗೆದುಕೊಂಡು ಬರಬೇಡಿ, ಜೋಡಿಯನ್ನು ಅಳೆಯಿರಿ. ಸಾಧ್ಯವಾದರೆ ಒಂದಕ್ಕಿಂತ ಹೆಚ್ಚು ನಮೂನೆ ಕೇಳಿ. ನಿವೃತ್ತ ಹಡಗಿನಿಂದ ಕಳಚಿದ ಪಂಪುಗಳು ಇಲ್ಲಿ ಉಪಕಾರಕ್ಕೆ ಬರುತ್ತವೆ, ಒಂದರಲ್ಲಿ ಸವೆದದ್ದು ಇನ್ನೊಂದರಲ್ಲಿ ಉಳಿದಿರುತ್ತದೆ.

ಒಳಗಿನ ಸಣ್ಣ ಸಂಗತಿಗಳನ್ನು ಬಿಡಬೇಡಿ. ಮೂಲೆಯ ರೇಡಿಯಸ್, ಎಣ್ಣೆಯ ತೋಡು, ಥ್ರೆಡ್ಡು ಎಡಕ್ಕೋ ಬಲಕ್ಕೋ. ಮೂಲೆಯನ್ನು ಚೂಪಾಗಿ ಕಡೆದರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ನಿಮಗೆ ಅನಗತ್ಯ ಎನಿಸಿದ ಒಂದು ಚಿಕ್ಕ ರಂಧ್ರ ಒತ್ತಡ ಸಮ ಮಾಡಲೆಂದೇ ಇಟ್ಟದ್ದಿರಬಹುದು. ತಿಳಿಯದ್ದನ್ನು ತೆಗೆಯಬೇಡಿ, ಕೇಳಿ.

ನಕ್ಷೆ ಆದ ಮೇಲೆ ಡಾಕ್‌ಯಾರ್ಡಿನವರಿಂದ ಸಹಿ ಹಾಕಿಸಿಕೊಂಡೇ ಲೋಹ ಕೊಳ್ಳಿ.

ಹಂತ 7: ಹಳೆಯ ಭಾಗ ಮುಟ್ಟುವ ಮುನ್ನ

ಸೋವಿಯತ್ ಕಾಲದ ಫ್ಲ್ಯಾಂಜುಗಳ ನಡುವೆ ಬೂದು ಬಣ್ಣದ ಗ್ಯಾಸ್ಕೆಟ್ ಹಾಳೆ ಅಂಟಿಕೊಂಡಿದ್ದರೆ ಅದು ಪ್ಯಾರೊನೈಟ್ ಇರಬಹುದು, ಅದರಲ್ಲಿ ಕಲ್ನಾರು ಇದೆ. ವೈರ್ ಬ್ರಷ್ಷು, ಗ್ರೈಂಡರ್ ಹಾಕಿ ಕೆರೆಯಬೇಡಿ, ಏರ್ ಗನ್ನಿನಲ್ಲಿ ಊದಬೇಡಿ. ಚೆನ್ನಾಗಿ ನೆನೆಸಿ, ಒದ್ದೆ ಇರುವಾಗಲೇ ಚೂಪು ಪಟ್ಟಿಯಿಂದ ಎಬ್ಬಿಸಿ, ದಪ್ಪ ಚೀಲದಲ್ಲಿ ಕಟ್ಟಿ ಅಪಾಯಕಾರಿ ತ್ಯಾಜ್ಯವಾಗಿ ಕಳಿಸಿ. ಬಟ್ಟೆಯ ಮಾಸ್ಕು ಸಾಲದು, ಫಿಲ್ಟರ್ ಇರುವ ಸರಿಯಾದ ಮಾಸ್ಕು ಬೇಕು. ಇದರ ರೋಗ ಕಾಣಿಸಿಕೊಳ್ಳಲು ದಶಕಗಳು ಹಿಡಿಯುತ್ತವೆ. ಇವತ್ತು ಕೆಮ್ಮು ಬರಲಿಲ್ಲ ಎಂದು ಹುಡುಗರು ಉದಾಸೀನ ಮಾಡುವುದು ಅದಕ್ಕೇ. ಮಾಲೀಕರು ಇಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಹೊಸ ಗ್ಯಾಸ್ಕೆಟ್ ಕಲ್ನಾರಿಲ್ಲದ ಹಾಳೆಯಲ್ಲೇ ಮಾಡಿ.

ಹಳೆಯ ಮೀಟರುಗಳ ಮುಳ್ಳು, ಅಂಕಿಗಳ ಮೇಲೆ ಕತ್ತಲಲ್ಲಿ ಹೊಳೆಯುವ ಬಣ್ಣವಿದ್ದರೆ ಅದರಲ್ಲಿ ರೇಡಿಯಂ ಇರಬಹುದು. ಹೊಳಪು ಆರಿ ಹೋಗಿದ್ದರೂ ವಿಕಿರಣ ಇರುತ್ತದೆ. ಗಾಜು ಬಿಚ್ಚಬೇಡಿ, ಪ್ರತ್ಯೇಕವಾಗಿಟ್ಟು ಕೊಟ್ಟವರಿಗೆ ತಿಳಿಸಿ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಪೇಟೆಯಲ್ಲಿ ಏನೆಂದು ತಿಳಿಯದೆ ಬಿಚ್ಚಿದ ಹಳೆಯ ಉಪಕರಣದ ಕೋಬಾಲ್ಟ್-60 ಒಬ್ಬರ ಜೀವ ತೆಗೆಯಿತು, ಹಲವರು ಆಸ್ಪತ್ರೆ ಸೇರಿದರು.

ಹಂತ 8: ಪರೀಕ್ಷೆ ಮತ್ತು ಕಾಗದ

ಭಾಗ ಚೆನ್ನಾಗಿದ್ದು ಕಾಗದ ಇಲ್ಲದಿದ್ದರೆ ಅದು ಗೇಟಿನೊಳಗೆ ಹೋಗುವುದಿಲ್ಲ. ಆರ್ಡರ್ ಬಂದ ಕೂಡಲೇ ಕ್ವಾಲಿಟಿ ಪ್ಲ್ಯಾನ್ ಬರೆದು ಒಪ್ಪಿಗೆ ಪಡೆಯಿರಿ: ಯಾವ ಹಂತದಲ್ಲಿ ತಪಾಸಣೆ, ಯಾರು ಸಾಕ್ಷಿ. ಕಚ್ಚಾಲೋಹದ ಮೇಲೆ ಹೀಟ್ ನಂಬರಿನ ಗುರುತು ಕೊಯ್ಯುವಾಗ ಅಳಿಸಿ ಹೋಗದಂತೆ ಪ್ರತಿ ತುಂಡಿಗೂ ವರ್ಗಾಯಿಸಿ. ಲೋಹಕ್ಕೆ 3.1 ಮಾದರಿಯ (ತಯಾರಕರೇ ಪರೀಕ್ಷಿಸಿ ಕೊಡುವ) ಪ್ರಮಾಣಪತ್ರ ಕೇಳಿ. ಎರಕಕ್ಕೆ ಡೈ ಪೆನಿಟ್ರಂಟ್ (ಬಣ್ಣ ಹಚ್ಚಿ ಬಿರುಕು ಹುಡುಕುವ ಪರೀಕ್ಷೆ), ಬೇಕಿದ್ದರೆ ರೇಡಿಯಾಗ್ರಫಿ. ಒತ್ತಡ ತಾಳುವ ಭಾಗಕ್ಕೆ ಸಾಮಾನ್ಯವಾಗಿ ಕೆಲಸದ ಒತ್ತಡದ ಒಂದೂವರೆ ಪಟ್ಟಿನಲ್ಲಿ ನೀರಿನ ಪರೀಕ್ಷೆ. ಇಂಪೆಲ್ಲರಿಗೆ ಬ್ಯಾಲೆನ್ಸಿಂಗ್ ವರದಿ. ಎಲೆಕ್ಟ್ರಾನಿಕ್ ಘಟಕವಾದರೆ ಜೆಎಸ್‌ಎಸ್ 55555 ಎಂಬ ರಕ್ಷಣಾ ಮಾನಕದ ಪರಿಸರ ಪರೀಕ್ಷೆಗಳು (ಕಾವು, ತೇವ, ಅಲುಗಾಟ ಇತ್ಯಾದಿ) ಬರಬಹುದು, ಅದರ ಖರ್ಚು ಭಾಗದ ಬೆಲೆಗಿಂತ ಹೆಚ್ಚಾಗುವುದೂ ಉಂಟು, ಮೊದಲೇ ಲೆಕ್ಕಕ್ಕೆ ಸೇರಿಸಿ.

ಮೊದಲ ಪೀಸನ್ನು ಹಡಗಿನಲ್ಲಿ ಕೂರಿಸಿ ನೋಡುವವರೆಗೆ ಉಳಿದವನ್ನು ಮುಗಿಸಬೇಡಿ.

ಹಂತ 9: ಬೆಲೆ, ದುಡ್ಡು

ಆರು ಪೀಸಿಗೆ ಪ್ಯಾಟರ್ನ್, ಫಿಕ್ಸ್‌ಚರ್, ಲ್ಯಾಬು, ಓಡಾಟ ಎಲ್ಲ ಹಂಚಿದರೆ ಬೆಲೆ ಏರುತ್ತದೆ. ಅದನ್ನು ಮುಚ್ಚಿಡದೆ 'ಅಭಿವೃದ್ಧಿ ವೆಚ್ಚ' ಎಂದು ಬೇರೆ ಸಾಲಿನಲ್ಲಿ ತೋರಿಸಿ. ಒಂದೇ ಪಂಪಿನ ಸ್ಲೀವ್, ಬುಷ್, ವೇರ್ ರಿಂಗ್ ಮೂರಕ್ಕೂ ಒಟ್ಟಿಗೆ ಬಿಡ್ ಹಾಕಿದರೆ ಅಳತೆಯ ಶ್ರಮ ಒಮ್ಮೆಗೇ ಮುಗಿಯುತ್ತದೆ, ಎದುರಾಳಿಗಿಂತ ಕಡಿಮೆಗೂ ಕೊಡಬಹುದು. ಸರಕು ಒಪ್ಪಿಕೊಂಡ ಮೇಲೆ ಹಣ ಬರಲು ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಹೆಚ್ಚೆಂದರೆ 45 ದಿನ. ತಡವಾದರೆ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್ಲಿನಲ್ಲಿ ದೂರು ಕೊಡುವ ಹಕ್ಕಿದೆ. ಇನ್‌ವಾಯ್ಸಿನ ಮೇಲೆ ಉದ್ಯಮ್ ಸಂಖ್ಯೆ ಅಚ್ಚು ಹಾಕಿಸಿ.

ಪ್ಯಾಟರ್ನ್, ನಕ್ಷೆ, ಪ್ರತಿ ಹೀಟಿನ ಒಂದು ತುಂಡು ಲೋಹ, ಸಹಿ ಆದ ತಪಾಸಣೆ ವರದಿ, ಇವನ್ನು ಆರ್ಡರ್ ಸಂಖ್ಯೆಯ ಹೆಸರಲ್ಲಿ ಒಂದೇ ಪೆಟ್ಟಿಗೆಯಲ್ಲಿ ಹಾಕಿ ಒಣಗಿದ ಜಾಗದಲ್ಲಿ ಇಡಿ. ಮುಂದಿನ ರೀಫಿಟ್‌ಗೆ ಅದೇ ಭಾಗ ಕೇಳಿ ಬಂದಾಗ ಅಳತೆಯಿಂದ ಶುರು ಮಾಡಬೇಕಾಗುವುದಿಲ್ಲ, ಬೆಲೆಯಲ್ಲಿ ಅಭಿವೃದ್ಧಿ ವೆಚ್ಚದ ಸಾಲನ್ನು ತೆಗೆದುಹಾಕಿ ಕೊಟೇಷನ್ ಕಳಿಸಬಹುದು.